ಸೆಲ್ ಬೇಡದ ನೆನಪು: ಹಳೆಯ ಪಿನ್‌ಬಾಲ್ ಬೋರ್ಡಿಗೆ ಹೊಸ ಮೆಮೊರಿ

ಮಲ್ಲೇಶ್ವರದ ಗೆಳೆಯರೊಬ್ಬರ ಮನೆಯ ಮಹಡಿ ಕೋಣೆಯಲ್ಲಿ ಒಂದು ಪಿನ್‌ಬಾಲ್ ಮಷೀನ್ ಇದೆ. ವಿಲಿಯಮ್ಸ್ ಕಂಪನಿ 1990ರಲ್ಲಿ ತಯಾರಿಸಿದ 'ಫನ್‌ಹೌಸ್'. ಹಳೆಯದನ್ನು ಕೊಂಡು ಹಡಗಿನಲ್ಲಿ ತರಿಸಿದ್ದು. ಕಳೆದ ಮಳೆಗಾಲದಲ್ಲಿ ಅವರು ಫೋನ್ ಮಾಡಿದರು. "ಆನ್ ಮಾಡಿದಾಗಲೆಲ್ಲ ಹಳೇದೆಲ್ಲ ಮರೆತುಬಿಟ್ಟಿರುತ್ತೆ. ಮಗಳ ಹೈ ಸ್ಕೋರ್ ಹೋಯ್ತು. ಈಗ ಕೆಲವು ಕಡೆ ಗುಂಡು ಬಡಿದರೂ ಅಂಕ ಬರ್ತಿಲ್ಲ."

ಎರಡೂ ಒಂದೇ ಕಾಯಿಲೆ ಅಂತ ಆಗಲೇ ಅನ್ನಿಸಿತ್ತು. ಮಷೀನಿನ ಪ್ಲಗ್ ಕಿತ್ತು, ಮೇಲಿನ ಪೆಟ್ಟಿಗೆಯ ಗಾಜು ತೆಗೆದು, ಹಲಗೆ ಬಾಗಿಲು ತೆರೆದೆ. ಪ್ಲಗ್ ಕೀಳುವುದನ್ನು ಮಾತ್ರ ಯಾವತ್ತೂ ಬಿಡಬೇಡಿ. ಆ ಕಾಲದ ಡಿಸ್‌ಪ್ಲೇಗಳಿಗೆ 100 ವೋಲ್ಟ್‌ನಷ್ಟು ಬೇಕು, ಅದೂ ಅಲ್ಲೇ ಇರುತ್ತದೆ. ಒಳಗೆ ದೊಡ್ಡ ಸಿಪಿಯು ಬೋರ್ಡ್. ಅದರ ಮೇಲೆ ಕಪ್ಪು ಪ್ಲಾಸ್ಟಿಕ್ ತೊಟ್ಟಿಲಲ್ಲಿ ಮೂರು ಪೆನ್ಸಿಲ್ ಸೆಲ್. ಒಂದರ ತುದಿಯಲ್ಲಿ ಉಪ್ಪು ಉಕ್ಕಿದ ಹಾಗೆ ಬಿಳಿ ಪುಡಿ. ಸ್ಪ್ರಿಂಗ್ ಬೆರಳು ತಾಗಿಸಿದರೆ ಮುರಿಯುವಷ್ಟು ಸವೆದಿತ್ತು. ಅದರ ಕೆಳಗೆ ಬೋರ್ಡಿನ ತಾಮ್ರದ ಗೆರೆಗಳು ನೀಲಿ-ಹಸಿರಾಗಿದ್ದವು. ನಮ್ಮ ಅಡುಗೆಮನೆ ಭಾಷೆಯಲ್ಲಿ ಹೇಳಬೇಕೆಂದರೆ, ಕಿಲುಬು.

ಸೆಲ್ ಅಲ್ಲಿ ಯಾಕಿದೆ? ಪಿನ್‌ಬಾಲ್ ಅಂದರೆ ಮೇಲ್ನೋಟಕ್ಕೆ ಇಳಿಜಾರು ಹಲಗೆ, 27 ಮಿಲಿಮೀಟರ್ ಅಗಲದ ಉಕ್ಕಿನ ಗುಂಡು, ಅದನ್ನು ಹೊಡೆಯುವ ಎರಡು ಫ್ಲಿಪ್ಪರ್. ಆದರೆ 1970ರ ದಶಕದ ಕೊನೆಯಿಂದ ಅದನ್ನು ನಡೆಸುತ್ತಿರುವುದು ಒಂದು ಪುಟ್ಟ ಕಂಪ್ಯೂಟರ್. ಫನ್‌ಹೌಸ್‌ನಲ್ಲಿರುವುದು 2 ಮೆಗಾಹರ್ಟ್ಸ್ ವೇಗದ 6809 ಪ್ರೊಸೆಸರ್. ಆಟದ ಪ್ರೋಗ್ರಾಮ್ ಇರುವುದು ರೋಮ್ ಎಂಬ, ಓದಲು ಮಾತ್ರ ಇರುವ ಚಿಪ್‌ನಲ್ಲಿ. ಅದು ಅಳಿಯುವುದಿಲ್ಲ. ಅಳಿಯುವುದು 8 ಕಿಲೋಬೈಟ್‌ನ ರಾಮ್. ಆಟಕ್ಕೆ ಎಷ್ಟು ಗುಂಡು, ಹೈ ಸ್ಕೋರ್ ಯಾರದ್ದು, ಇದುವರೆಗೆ ಎಷ್ಟು ಆಟ ಆಗಿದೆ, ಯಾವ ಸ್ವಿಚ್ ಕೆಲಸ ಮಾಡುತ್ತಿಲ್ಲ, ಎಲ್ಲವೂ ಅದರಲ್ಲೇ. ಆಟ ನಡೆಯುವಾಗ ಪ್ರೊಸೆಸರ್ ಲೆಕ್ಕ ಬರೆದು ಒರೆಸುವ ಸ್ಲೇಟೂ ಅದೇ.

ಈ ರಾಮ್ ಸ್ಟ್ಯಾಟಿಕ್ ಜಾತಿಯದ್ದು. ಒಂದೊಂದು ಬಿಟ್ಟಿಗೂ ಟ್ರಾನ್ಸಿಸ್ಟರ್‌ಗಳ ಎರಡು ಗುಂಪು ಒಂದನ್ನೊಂದು ಹಿಡಿದು ನಿಲ್ಲಿಸಿರುತ್ತವೆ. ಇಬ್ಬರು ಬೆನ್ನಿಗೆ ಬೆನ್ನು ಕೊಟ್ಟು ಕೂತ ಹಾಗೆ. ಇವನು ಇದ್ದಾನೆ ಅಂತ ಅವನು, ಅವನು ಇದ್ದಾನೆ ಅಂತ ಇವನು. ಕರೆಂಟ್ ತೆಗೆದರೆ ಇಬ್ಬರೂ ಬೀಳುತ್ತಾರೆ. ಮತ್ತೆ ಕರೆಂಟ್ ಬಂದಾಗ ಯಾರು ಎಲ್ಲಿದ್ದರು ಅಂತ ಯಾರಿಗೂ ಗೊತ್ತಿರುವುದಿಲ್ಲ. ಅದಕ್ಕೇ ಮಷೀನ್ ಆಫ್ ಆದರೂ ರಾಮ್‌ಗೆ ಮಾತ್ರ ಮೂರು ಸೆಲ್‌ಗಳಿಂದ ಸ್ವಲ್ಪ ಸ್ವಲ್ಪ ಕರೆಂಟ್ ಹೋಗುವ ಏರ್ಪಾಡು. ಅದು ಕುಡಿಯುವುದು ತೀರಾ ಕಡಿಮೆ. ಹಾಗಾಗಿ ಸೆಲ್ ವರ್ಷಗಟ್ಟಲೆ ಬಾಳುತ್ತದೆ, ಜನ ಅದನ್ನು ಮರೆಯುತ್ತಾರೆ. ಅಪಾಯ ಇರುವುದು ಈ ಮರೆವಿನಲ್ಲೇ.

ಆಲ್ಕಲೈನ್ ಸೆಲ್ ಒಳಗೆ ಸತುವಿನ ಪುಡಿ ಮತ್ತು ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಎಂಬ ಕಟು ಕ್ಷಾರ ಇರುತ್ತದೆ. ಸೆಲ್ ಸುಮ್ನೆ ಕೂತಿದ್ದರೂ ಸತು ನಿಧಾನವಾಗಿ ನೀರಿನ ಜೊತೆ ಸೇರಿ ಹೈಡ್ರೋಜನ್ ಬಿಡುತ್ತದೆ. ಒಳಗೆ ಒತ್ತಡ ಏರುತ್ತದೆ. ಕೊನೆಗೊಂದು ದಿನ ಸೀಲು ಬಾಯಿ ಬಿಡುತ್ತದೆ. ಹೊರಬಂದ ಕ್ಷಾರ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ಬಿಳಿ ಪುಡಿಯಾಗುತ್ತದೆ. ತಾಮ್ರ ಸಿಕ್ಕಿದ ಕಡೆ ಹಸಿರಾಗುತ್ತದೆ. ಅದು ತೊಟ್ಟಿಕ್ಕಿದ ಜಾಗದಲ್ಲೇ ನಿಲ್ಲುವುದೂ ಇಲ್ಲ. ತಾಮ್ರದ ಗೆರೆ ಹಿಡಿದು, ಮೇಲಿನ ಹಸಿರು ಬಣ್ಣದ ಪದರದ ಅಡಿಯಲ್ಲೇ ತೆವಳುತ್ತದೆ. ಈ ಬೋರ್ಡಿನಲ್ಲಿ ಸೆಲ್‌ಗಳ ಹತ್ತಿರವೇ ಸ್ವಿಚ್‌ಗಳನ್ನು ಓದುವ ಚಿಪ್‌ಗಳಿವೆ. ಗುಂಡು ಬಡಿದರೂ ಅಂಕ ಬರದೇ ಇದ್ದದ್ದು ಅದಕ್ಕೇ. ನೆನಪು ಕಾಯಲು ಇಟ್ಟ ಸೆಲ್ಲೇ ಮಷೀನಿನ ನರ ತಿಂದಿತ್ತು.

ಇದಕ್ಕೆ ಮದ್ದು ನಮ್ಮ ಮನೆಗಳಲ್ಲಿ ಎಲ್ಲರಿಗೂ ಗೊತ್ತಿರುವುದೇ. ಹಬ್ಬಕ್ಕೆ ಹಿತ್ತಾಳೆ ದೀಪದ ಕಿಲುಬನ್ನು ಹುಣಸೆಹಣ್ಣಿನಲ್ಲಿ ಉಜ್ಜಿ ತೆಗೆಯುತ್ತೇವಲ್ವಾ? ಹುಳಿ ಆ ಹಸಿರನ್ನು ಕರಗಿಸುತ್ತದೆ, ಕ್ಷಾರವನ್ನೂ ಕೊಲ್ಲುತ್ತದೆ. ಬೋರ್ಡಿಗೆ ಬಿಳಿ ವಿನಿಗರ್ ಒಳ್ಳೆಯದು, ಜಿಗುಟು ಉಳಿಯುವುದಿಲ್ಲ. ಹಳೆಯ ಟೂತ್‌ಬ್ರಷ್‌ನಲ್ಲಿ ಹಚ್ಚಿ ಉಜ್ಜಬೇಕು. ನಂತರ ನೀರು, ಅದಾದ ಮೇಲೆ ಐಸೊಪ್ರೊಪೈಲ್ ಆಲ್ಕೋಹಾಲ್, ಕೊನೆಗೆ ಚೆನ್ನಾಗಿ ಒಣಗಿಸುವುದು. ಕಪ್ಪಾದ ತಾಮ್ರವನ್ನು ಹೊಳಪು ಬರುವ ತನಕ ಕೆರೆಯಬೇಕು. ಇಲ್ಲವಾದರೆ ಬೆಸುಗೆ ಹಿಡಿಯುವುದಿಲ್ಲ. ತಿಂದುಹೋದ ಗೆರೆಗಳ ಜಾಗದಲ್ಲಿ ಸಣ್ಣ ತಂತಿ ಎಳೆದೆ. ಇದಕ್ಕೇ ಎರಡು ಭಾನುವಾರ ಹೋಯಿತು.

ಅಷ್ಟಾದ ಮೇಲೆ ಮತ್ತೆ ಮೂರು ಸೆಲ್ ಹಾಕಿ ಮುಚ್ಚಲು ನನಗೆ ಮನಸ್ಸು ಬರಲಿಲ್ಲ. ಸೆಲ್ ತೊಟ್ಟಿಲನ್ನು ತಂತಿ ಎಳೆದು ಬೋರ್ಡಿನಿಂದ ದೂರ ಇಡಬಹುದು. ಲಿಥಿಯಂ ಸೆಲ್ ಹಾಕಿದರೆ ಸೋರುವುದು ಬಹಳ ಕಡಿಮೆ. ಎರಡೂ ತಪ್ಪಲ್ಲ. ಆದರೂ ಒಂದಲ್ಲ ಒಂದು ದಿನ ಯಾರಾದರೂ ನೆನಪಿಟ್ಟುಕೊಂಡು ಬದಲಿಸಲೇಬೇಕು. ಕರೆಂಟ್ ಇಲ್ಲದೆಯೂ ನೆನಪಿಡುವ ಚಿಪ್ ಇರುವಾಗ ಆ ಹೊರೆ ಯಾಕೆ?

ಇಲ್ಲಿ ಒಂದು ಪ್ರಶ್ನೆ ಬರುತ್ತದೆ. ಪೆನ್‌ಡ್ರೈವ್, ಮೊಬೈಲ್ ಎಲ್ಲ ಕರೆಂಟ್ ಇಲ್ಲದೆ ನೆನಪಿಡುತ್ತವೆ, ಆ ತರಹದ ಚಿಪ್ಪನ್ನೇ ಹಾಕಬಾರದಾ? ಆಗುವುದಿಲ್ಲ. 28ಸಿ64 ಎಂಬ ಇಇಪ್ರಾಮ್ ಚಿಪ್ ತೆಗೆದುಕೊಳ್ಳಿ. ಗಾತ್ರ ಅದೇ 8 ಕಿಲೋಬೈಟ್, ಕಾಲುಗಳ ಜೋಡಣೆಯೂ ಹೆಚ್ಚು ಕಡಿಮೆ ಅದೇ. ಆದರೆ ಒಂದು ಸಲ ಬರೆಯಲು ಅದಕ್ಕೆ 10 ಮಿಲಿಸೆಕೆಂಡ್ ತನಕ ಬೇಕು. ಅಷ್ಟರಲ್ಲಿ 2 ಮೆಗಾಹರ್ಟ್ಸ್ ಪ್ರೊಸೆಸರ್ 20,000 ಹೆಜ್ಜೆ ಮುಂದೆ ಹೋಗಿರುತ್ತದೆ. ಇನ್ನೊಂದು ತೊಂದರೆ ಆಯಸ್ಸು. ಒಂದೇ ಜಾಗದಲ್ಲಿ ಸುಮಾರು 1 ಲಕ್ಷ ಸಲ ಬರೆದರೆ ಅದರ ಭರವಸೆ ಮುಗಿಯಿತು. ಆಟದಲ್ಲಿ ಸೆಕೆಂಡಿಗೆ 100 ಸಲ ಬದಲಾಗುವ ಎಣಿಕೆಯೊಂದು ಇದ್ದರೆ, 17 ನಿಮಿಷದಲ್ಲಿ 1 ಲಕ್ಷ ದಾಟುತ್ತದೆ. ಸ್ಲೇಟಿನ ಕೆಲಸಕ್ಕೆ ಕಲ್ಲಿನ ಶಾಸನ ತಂದರೆ ಆಗುತ್ತಾ?

ಬೇಕಿರುವುದು ಸ್ಲೇಟಿನಷ್ಟು ಬೇಗ ಬರೆಯುವ, ಆದರೆ ತಾನಾಗಿ ಅಳಿಯದ ಚಿಪ್. ಅದೇ ಎಫ್‌ರಾಮ್. ಪೂರ್ತಿ ಹೆಸರು ಫೆರೋಎಲೆಕ್ಟ್ರಿಕ್ ರಾಮ್. ಹೆಸರಿನಲ್ಲಿ 'ಫೆರೋ' ಇದ್ದರೂ ಕಬ್ಬಿಣಕ್ಕೂ ಇದಕ್ಕೂ ಸಂಬಂಧ ಇಲ್ಲ. ಒಳಗಿರುವುದು ಸೀಸ, ಜಿರ್ಕೋನಿಯಂ, ಟೈಟಾನಿಯಂ ಮತ್ತು ಆಮ್ಲಜನಕ ಸೇರಿದ ಹರಳಿನ ತೆಳು ಪದರ. ಹರಳಿನ ಪ್ರತಿ ಗೂಡಿನ ನಡುವೆ ಒಂದು ಪರಮಾಣು ಇರುತ್ತದೆ. ಅದಕ್ಕೆ ನಿಲ್ಲಲು ಎರಡು ಜಾಗ, ಸ್ವಲ್ಪ ಮೇಲೆ ಅಥವಾ ಸ್ವಲ್ಪ ಕೆಳಗೆ. ವೋಲ್ಟೇಜ್ ಕೊಟ್ಟು ತಳ್ಳಿದರೆ ಒಂದರಿಂದ ಇನ್ನೊಂದಕ್ಕೆ ಹೋಗುತ್ತದೆ. ವೋಲ್ಟೇಜ್ ತೆಗೆದರೂ ಹೋದಲ್ಲೇ ನಿಲ್ಲುತ್ತದೆ. ಗೋಡೆಯ ಲೈಟ್ ಸ್ವಿಚ್ಚಿನ ಹಾಗೆ. ಒತ್ತಿದ ಕಡೆ ಉಳಿಯುತ್ತದೆ, ಬೆರಳು ಇಟ್ಟುಕೊಂಡೇ ಇರಬೇಕಾಗಿಲ್ಲ. ಮೇಲಿದ್ದರೆ 1, ಕೆಳಗಿದ್ದರೆ 0.

ಓದುವುದು ಹೇಗೆ ಅನ್ನುವುದು ನನಗೆ ತುಂಬ ಇಷ್ಟವಾದ ಭಾಗ. ಪರಮಾಣು ಎಲ್ಲಿದೆ ಅಂತ ಇಣುಕಿ ನೋಡಲು ಆಗುವುದಿಲ್ಲ. ಆದ್ದರಿಂದ ಚಿಪ್ ಅದನ್ನು ಒಂದು ಕಡೆಗೆ ತಳ್ಳಿ ನೋಡುತ್ತದೆ. ಜಾಗ ಬದಲಿಸಿದರೆ ಸ್ವಲ್ಪ ಜಾಸ್ತಿ ವಿದ್ಯುತ್ ಹೊರಗೆ ಚಿಮ್ಮುತ್ತದೆ. ಮೊದಲೇ ಅಲ್ಲಿದ್ದರೆ ಕಡಿಮೆ. ಅಂದರೆ ಓದಿದಾಗ ಬರೆದದ್ದು ಅಳಿಯುತ್ತದೆ. ಚಿಪ್ ತಕ್ಷಣ ತಾನೇ ಅದನ್ನು ಮತ್ತೆ ಬರೆಯುತ್ತದೆ. ಹೀಗಾಗಿ ಎಫ್‌ರಾಮ್‌ನಲ್ಲಿ ಓದುವುದನ್ನೂ ಸವೆತದ ಲೆಕ್ಕಕ್ಕೆ ಹಿಡಿಯಬೇಕು. ಆದರೆ ನಾನು ಬಳಸಿದ ಎಫ್‌ಎಂ16ಡಬ್ಲ್ಯೂ08 ಚಿಪ್‌ನ ಮಿತಿ 1ರ ಮುಂದೆ 14 ಸೊನ್ನೆ. ಒಂದೇ ಜಾಗವನ್ನು ಸೆಕೆಂಡಿಗೆ 1 ಲಕ್ಷ ಸಲ ಮುಟ್ಟಿದರೂ, ಹಗಲು ರಾತ್ರಿ ಬಿಡದೆ ಓಡಿಸಿದರೆ 31 ವರ್ಷ ಬೇಕು. ಮನೆಯಲ್ಲಿ ಸಂಜೆ ಒಂದು ಗಂಟೆ ಆಡುವ ಮಷೀನಿಗೆ ಇದು ಚಿಂತೆಯೇ ಅಲ್ಲ. ವೇಗವೂ ಸಾಕಷ್ಟಿದೆ. 70 ನ್ಯಾನೊಸೆಕೆಂಡ್‌ನಲ್ಲಿ ಉತ್ತರ ಕೊಡುತ್ತದೆ, ಪ್ರೊಸೆಸರ್‌ನ ಒಂದು ಹೆಜ್ಜೆ 500 ನ್ಯಾನೊಸೆಕೆಂಡ್.

ಪಿನ್‌ಬಾಲ್ ತುಂಬ ಆಯಸ್ಕಾಂತದ ಸುರುಳಿಗಳಿವೆಯಲ್ಲ, ನೆನಪು ಅಳಿಸಿಹೋಗಲ್ವಾ ಅಂತ ಗೆಳೆಯರು ಕೇಳಿದರು. ಎಫ್‌ರಾಮ್ ಕಾಂತದಲ್ಲಿ ಏನನ್ನೂ ಬರೆಯುವುದಿಲ್ಲ. ಕಾಂತದಲ್ಲಿ ಬರೆಯುವುದು ಅದರ ದಾಯಾದಿ ಎಂರಾಮ್. ಅದೂ ಒಳ್ಳೆಯ ಚಿಪ್ಪೇ, ಆದರೆ ಹೆಚ್ಚಿನವು 3.3 ವೋಲ್ಟ್‌ನವು. 5 ವೋಲ್ಟ್‌ನ ಹಳೆಯ ಬೋರ್ಡಿಗೆ ನಡುವೆ ದುಭಾಷಿ ಚಿಪ್ ಹಾಕಬೇಕಾಗುತ್ತದೆ. ಎನ್‌ವಿ ಎಸ್‌ರಾಮ್ ಎಂಬ ಮೂರನೆಯ ಬಗೆಯೂ ಇದೆ. ಅದು ಮಾಮೂಲಿ ಸ್ಟ್ಯಾಟಿಕ್ ರಾಮ್, ಪ್ರತಿ ಬಿಟ್ಟಿನ ಪಕ್ಕ ಒಂದು ಅಳಿಯದ ನೆರಳು ಬಿಟ್. ಕರೆಂಟ್ ಹೋಗುವಾಗ ಕೆಪಾಸಿಟರ್‌ನಲ್ಲಿ ಉಳಿದ ವಿದ್ಯುತ್ತಿನಲ್ಲೇ ಎಲ್ಲವನ್ನೂ ನೆರಳಿಗೆ ನಕಲು ಮಾಡಿಬಿಡುತ್ತದೆ.

ಚಿಪ್ ಗೊತ್ತಾಯಿತು. ಇನ್ನು ಹಳೆಯ ಚಿಪ್ ಕಿತ್ತು ಹೊಸದು ಚುಚ್ಚಿದರೆ ಆಯಿತು ಅಂತ ಅನ್ನಿಸಬಹುದು. ಎಡವಟ್ಟಾಗುವುದು ಇಲ್ಲಿಯೇ. ಬೋರ್ಡಿನಲ್ಲಿದ್ದದ್ದು 6264 ಎಂಬ 28 ಕಾಲಿನ ಚಿಪ್. ಎಫ್‌ಎಂ16ಡಬ್ಲ್ಯೂ08ಕ್ಕೂ 28 ಕಾಲು, ಅದೇ ಕ್ರಮದಲ್ಲಿ. ಆದರೆ ಅದು ಮೇಲ್ಮೈಗೆ ಅಂಟಿಸುವ ಪುಟ್ಟ ಚಿಪ್. ಕಾಲಿನಿಂದ ಕಾಲಿಗೆ 1.27 ಮಿಲಿಮೀಟರ್, ಹಳೆಯದರಲ್ಲಿ 2.54. ಆದ್ದರಿಂದ ನಡುವೆ ಒಂದು ಪುಟ್ಟ ಬೋರ್ಡ್ ಬೇಕು. ಕೀಕ್ಯಾಡ್ ಎಂಬ ಬೋರ್ಡ್ ಬಿಡಿಸುವ ಸಾಫ್ಟ್‌ವೇರ್‌ನಲ್ಲಿ ಒಂದು ಸಂಜೆಯಲ್ಲಿ ಬಿಡಿಸಬಹುದಾದ, ಎರಡು ಪದರದ, ಹೆಬ್ಬೆರಳಗಲದ ಬೋರ್ಡ್. ಅದನ್ನು ಬಿಡಿಸುವಾಗ ಮೂರು ವಿಷಯ ಸರಿಯಾಗಿ ನೋಡಲೇಬೇಕು. ಅವುಗಳಲ್ಲಿ ಒಂದನ್ನು ಬಿಟ್ಟರೂ ಮಷೀನ್ ಮೊದಲ ದಿನ ಓಡುತ್ತದೆ, ಹತ್ತನೆಯ ದಿನ ಕೈ ಕೊಡುತ್ತದೆ.

ಮೊದಲನೆಯದು ವೋಲ್ಟೇಜ್. ಸೆಲ್ ಇರುವ ಬೋರ್ಡಿನಲ್ಲಿ 5 ವೋಲ್ಟ್ ಮತ್ತು ಸೆಲ್ ಎರಡೂ ಒಂದೊಂದು ಡಯೋಡ್ ದಾಟಿ ರಾಮ್‌ಗೆ ಬರುತ್ತವೆ, ಒಂದರ ಕರೆಂಟ್ ಇನ್ನೊಂದಕ್ಕೆ ನುಗ್ಗದಿರಲಿ ಅಂತ. ಸಾಮಾನ್ಯ ಸಿಲಿಕಾನ್ ಡಯೋಡ್ ಆದರೆ ದಾಟುವಾಗ 0.6ರಿಂದ 0.7 ವೋಲ್ಟ್ ನುಂಗುತ್ತದೆ. ಚಿಪ್‌ಗೆ ಸಿಗುವುದು 4.3 ವೋಲ್ಟ್. ಹಳೆಯ ರಾಮ್‌ಗೆ ಅದು ನಡೆಯುತ್ತಿತ್ತು. ಎಫ್‌ಎಂ1608 ಎಂಬ ಹಳೆಯ ಎಫ್‌ರಾಮ್‌ಗೆ ಕನಿಷ್ಠ 4.5 ವೋಲ್ಟ್ ಬೇಕು. ಎಫ್‌ಎಂ16ಡಬ್ಲ್ಯೂ08 ಮಾತ್ರ 2.7ರಿಂದ 5.5ರ ತನಕ ಎಲ್ಲಿ ಬೇಕಾದರೂ ನಡೆಯುತ್ತದೆ. ಎರಡು ಹೆಸರಿನ ನಡುವಿನ ಆ ಒಂದು 'ಡಬ್ಲ್ಯೂ' ಇಷ್ಟು ಮುಖ್ಯ.

ಎರಡನೆಯದು ಕರೆಯುವ ರೀತಿ. ಪ್ರತಿ ಮೆಮೊರಿ ಚಿಪ್‌ಗೂ 'ಚಿಪ್ ಎನೇಬಲ್' ಎಂಬ ಕಾಲಿದೆ. ಅದನ್ನು ಕೆಳಗೆ, ಅಂದರೆ 0 ವೋಲ್ಟ್ ಕಡೆಗೆ, ಎಳೆದರೆ 'ನಿನ್ನನ್ನೇ ಕರೀತಿದ್ದೇನೆ' ಅಂತ ಅರ್ಥ. ಸ್ಟ್ಯಾಟಿಕ್ ರಾಮ್ ಒಂದು ಸಲ ಕರೆದರೆ ಸಾಕು, ವಿಳಾಸ (ಯಾವ ಜಾಗ ಬೇಕು ಎಂಬ ಸಂಖ್ಯೆ) ಬದಲಿಸುತ್ತಾ ಹೋದ ಹಾಗೆ ಉತ್ತರ ಬದಲಿಸುತ್ತಾ ಹೋಗುತ್ತದೆ. ಎಫ್‌ರಾಮ್ ನಮ್ಮ ದರ್ಶಿನಿಯ ಕೌಂಟರ್ ಇದ್ದ ಹಾಗೆ. ಒಂದು ಕೂಪನ್, ಒಂದು ತಟ್ಟೆ. ಚಿಪ್ ಎನೇಬಲ್ ಕೆಳಗೆ ಇಳಿದ ಆ ಕ್ಷಣದಲ್ಲಿ ಇದ್ದ ವಿಳಾಸವನ್ನು ಮಾತ್ರ ಹಿಡಿಯುತ್ತದೆ. ಇನ್ನೊಂದು ಬೇಕಾದರೆ ಅದು ಮೇಲೆ ಹೋಗಿ ಮತ್ತೆ ಇಳಿಯಲೇಬೇಕು. ಓದಿದ್ದನ್ನು ವಾಪಸ್ ಬರೆದುಕೊಳ್ಳಲು ಅದಕ್ಕೆ ಸಿಗುವ ಬಿಡುವು ಅದೇ. ಕೆಲವು ಬೋರ್ಡುಗಳಲ್ಲಿ ಈ ಕಾಲಿಗೆ ಗಡಿಯಾರದ ಮಿಡಿತ ಸೇರಿಸಿರುವುದಿಲ್ಲ. ಪ್ರೊಸೆಸರ್ ಎರಡು ಬೈಟ್‌ಗಳನ್ನು ಬೆನ್ನುಬೆನ್ನಿಗೆ ರಾಮ್‌ಗೆ ಬರೆದರೆ, ನಡುವೆ ಚಿಪ್ ಎನೇಬಲ್ ಮೇಲೆ ಹೋಗುವುದೇ ಇಲ್ಲ. ಎರಡನೆಯ ಬೈಟ್ ಮೊದಲನೆಯದರ ಮೇಲೆ ಕೂರುತ್ತದೆ, ಆಟ ದಾರಿ ತಪ್ಪುತ್ತದೆ. ಅದಕ್ಕೇ ಬೋರ್ಡ್ ಬಿಡಿಸುವ ಮೊದಲು ವೋಲ್ಟೇಜಿನ ಏರಿಳಿತ ತೋರಿಸುವ ಆಸಿಲೋಸ್ಕೋಪ್ ಹಚ್ಚಿ ನೋಡಿದೆ. ಫನ್‌ಹೌಸ್‌ನಲ್ಲಿ ಪ್ರತಿ ಹೆಜ್ಜೆಗೂ ಅದು ಮೇಲೆ ಹೋಗಿ ಬರುತ್ತಿತ್ತು. ಹಾಗೆ ಆಗದ ಬೋರ್ಡಾಗಿದ್ದರೆ ಎಫ್‌ರಾಮ್ ಬಿಟ್ಟು ಎನ್‌ವಿ ಎಸ್‌ರಾಮ್ ಕಡೆ ಹೋಗುತ್ತಿದ್ದೆ.

ಮೂರನೆಯದು ಎಲ್ಲಕ್ಕಿಂತ ಮುಖ್ಯ: ಕರೆಂಟ್ ಹೋಗುವ ಕ್ಷಣ. ಬೆಂಗಳೂರಿನ ಮಳೆಗಾಲದಲ್ಲಿ ಕರೆಂಟ್ ಹೋಗುವುದು, ತಕ್ಷಣ ಬರುವುದು, ಮತ್ತೆ ಹೋಗುವುದು ನಮಗೆ ಹೊಸದಲ್ಲ. ನಮ್ಮ ಕಣ್ಣಿಗೆ ಅದು ಒಂದೇ ಏಟಿಗೆ ಹೋದ ಹಾಗೆ ಕಾಣುತ್ತದೆ. ಬೋರ್ಡಿನ ಒಳಗೆ ಹಾಗಲ್ಲ. ಕೆಪಾಸಿಟರ್‌ಗಳು ಖಾಲಿಯಾಗುತ್ತಾ 5 ವೋಲ್ಟ್ ಮೆಲ್ಲಗೆ 4.8, 4.5, 4 ಅಂತ ಇಳಿಯುತ್ತದೆ. ಆ ಇಳಿತದಲ್ಲಿ ಪ್ರೊಸೆಸರ್ ಜ್ವರ ಬಂದವರು ಬಡಬಡಿಸುವ ಹಾಗೆ ಏನೇನೋ ಬರೆಯಬಹುದು. ಹೀಗಾಗದಿರಲಿ ಅಂತ ಬೋರ್ಡಿನಲ್ಲಿ ಎಂಸಿ34064 ಎಂಬ ಮೂರು ಕಾಲಿನ ಪುಟ್ಟ ಕಾವಲುಗಾರ ಇದೆ. ಸುಮಾರು 4.6 ವೋಲ್ಟ್‌ಗಿಂತ ಕೆಳಗೆ ಇಳಿದರೆ ಪ್ರೊಸೆಸರ್‌ನ ಕೈ ಕಟ್ಟಿಬಿಡುತ್ತದೆ.

ಹಾಗಾದರೆ ಚಿಂತೆ ಯಾಕೆ? ಎರಡು ಕಾರಣ. 6264ಕ್ಕೆ ಎರಡು ಚಿಪ್ ಎನೇಬಲ್ ಇವೆ. ಎರಡನೆಯದು 26ನೆಯ ಕಾಲು, ಅದು ಮೇಲಿದ್ದರೆ ಮಾತ್ರ ಚಿಪ್ ಕಿವಿಗೊಡುತ್ತದೆ. ಎಷ್ಟೋ ವಿನ್ಯಾಸಗಳಲ್ಲಿ ಕಾವಲುಗಾರನ ತಂತಿಯನ್ನು ಈ ಕಾಲಿಗೇ ಕಟ್ಟಿರುತ್ತಾರೆ. ಎಫ್‌ಎಂ16ಡಬ್ಲ್ಯೂ08ನಲ್ಲಿ 26ನೆಯ ಕಾಲಿಗೆ ಕೆಲಸವೇ ಇಲ್ಲ. ಅಂದರೆ 'ಬರೀಬೇಡ' ಅಂತ ಬೋರ್ಡ್ ಕೂಗಿದರೂ ಹೊಸ ಚಿಪ್‌ಗೆ ಕೇಳಿಸುವುದಿಲ್ಲ. ಇದಕ್ಕೆ ನನ್ನ ಪುಟ್ಟ ಬೋರ್ಡಿನಲ್ಲಿ 74ಎಚ್‌ಸಿ00 ಚಿಪ್‌ನ ಎರಡು ನ್ಯಾಂಡ್ ಗೇಟ್ ಬಳಸಿದೆ. ನ್ಯಾಂಡ್ ಗೇಟ್ ಅಂದರೆ ಒಳಬರುವ ಎರಡೂ ತಂತಿ ಮೇಲಿದ್ದರೆ ಮಾತ್ರ ಹೊರಹೋಗುವ ತಂತಿಯನ್ನು ಕೆಳಗೆ ಇಳಿಸುವಂಥದ್ದು. ಒಂದು ಗೇಟ್ ಮೊದಲ ಎನೇಬಲ್ಲನ್ನು ತಿರುಗಿಸುತ್ತದೆ, ಎರಡನೆಯದು ಅದನ್ನು 26ನೆಯ ಕಾಲಿನ ಜೊತೆ ಸೇರಿಸುತ್ತದೆ. ಎರಡೂ ಒಪ್ಪಿದರೆ ಮಾತ್ರ ಎಫ್‌ರಾಮ್‌ಗೆ ಕರೆ ಹೋಗುತ್ತದೆ.

ಇನ್ನೊಂದು ಕಾರಣ ಸೂಕ್ಷ್ಮ. ಸೆಲ್ ಇದ್ದಾಗ, ಉಳಿದೆಲ್ಲ ಸತ್ತ ಮೇಲೂ ಚಿಪ್ ಎನೇಬಲ್ಲನ್ನು ಮೇಲೆ ಹಿಡಿದಿರುವ ಕೆಲಸವನ್ನು ಕೆಲವು ಬೋರ್ಡುಗಳಲ್ಲಿ ಸೆಲ್ಲೇ ಮಾಡುತ್ತಿತ್ತು. ಸೆಲ್ ತೆಗೆದರೆ ಆ ಕೈಯೂ ಹೋಯಿತು. ಚಿಪ್‌ಗೆ ಇನ್ನೂ 3 ವೋಲ್ಟ್ ಇರುವಾಗಲೇ ಎನೇಬಲ್ ಕೆಳಗೆ ಬಿದ್ದರೆ, ಅದು ಕರೆ ಬಂತೆಂದು ತಿಳಿಯುತ್ತದೆ. ಪರಿಹಾರ 10 ಕಿಲೋಓಮ್‌ನ ಒಂದು ರೆಸಿಸ್ಟರ್. ಒಂದು ತುದಿ ಎಫ್‌ರಾಮ್‌ನ ಎನೇಬಲ್ ಕಾಲಿಗೆ, ಇನ್ನೊಂದು ಅದೇ ಚಿಪ್‌ನ ವೋಲ್ಟೇಜ್ ಕಾಲಿಗೆ. ವೋಲ್ಟೇಜ್ ಇಳಿದ ಹಾಗೆ ಎನೇಬಲ್ ಕೂಡ ಅದರ ಜೊತೆಗೇ ಇಳಿಯುತ್ತದೆ, ಮುಂಚೆ ಬೀಳುವುದಿಲ್ಲ. ಆದರೆ ಗೇಟ್ ಚಿಪ್ ಮಾತ್ರ ಆ ಹೊತ್ತಿನಲ್ಲಿ ತನ್ನ ಕಾಲನ್ನು ಕೆಳಗೆ ಎಳೆಯಬಾರದು. ಅದಕ್ಕೇ 74ಎಚ್‌ಸಿ00ಗೂ ಎಫ್‌ರಾಮ್‌ನ ವೋಲ್ಟೇಜನ್ನೇ ಕೊಟ್ಟೆ. ಅದು 2 ವೋಲ್ಟ್ ತನಕ ಬುದ್ಧಿ ಕಳೆದುಕೊಳ್ಳುವುದಿಲ್ಲ.

ಸಾಮಾನು ಎಲ್ಲ ಎಸ್‌ಪಿ ರೋಡಿನಲ್ಲಿ ಸಿಕ್ಕಿತು. ಎಫ್‌ರಾಮ್ ಮಾತ್ರ ಸಿಗಲಿಲ್ಲ. ಆನ್‌ಲೈನ್‌ನಲ್ಲಿ ಒಬ್ಬ ಮಾರಾಟಗಾರನಿಂದ ಅಗ್ಗಕ್ಕೆ ಐದು ತರಿಸಿದೆ. ಬೆನ್ನ ಮೇಲಿನ ಅಕ್ಷರಗಳು ತೀರಾ ಹೊಸದಾಗಿ ಹೊಳೆಯುತ್ತಿದ್ದವು. ಆರ್ಡುಯಿನೊ ಮೆಗಾ ಎಂಬ ಪ್ರೋಗ್ರಾಮ್ ಮಾಡಬಹುದಾದ ಪುಟ್ಟ ಬೋರ್ಡಿನ 24 ಕಾಲುಗಳಿಗೆ ಜೋಡಿಸಿ ಪರೀಕ್ಷೆ ಮಾಡಿದೆ. 8,192 ಜಾಗಗಳಿಗೂ ಒಂದೊಂದು ಲೆಕ್ಕದ ಸಂಖ್ಯೆ ಬರೆಯುವುದು, ಕರೆಂಟ್ ತೆಗೆಯುವುದು, ಮತ್ತೆ ಓದುವುದು. ಇಲ್ಲೊಂದು ಎಚ್ಚರಿಕೆ. ಚಿಪ್‌ನ ವೋಲ್ಟೇಜ್ ತಂತಿ ಮಾತ್ರ ಕಿತ್ತರೆ ಸಾಲದು. ಆರ್ಡುಯಿನೊ ಆನ್ ಇದ್ದರೆ ವಿಳಾಸದ ಕಾಲುಗಳ ಮೂಲಕವೇ ಕರೆಂಟ್ ಒಳಗೆ ನುಸುಳಿ ಮಾಮೂಲಿ ರಾಮ್ ಕೂಡ ನೆನಪಿಟ್ಟ ಹಾಗೆ ನಟಿಸುತ್ತದೆ. ಇಡೀ ಪ್ಲಗ್ ಕಿತ್ತು ಹತ್ತು ನಿಮಿಷ ಬಿಡಬೇಕು. ಹಾಗೆ ಬಿಟ್ಟ ಮೇಲೆ ಐದರಲ್ಲಿ ಎರಡು ಎಲ್ಲವನ್ನೂ ಮರೆತಿದ್ದವು. ಮೇಲಿನ ಹೆಸರು ಕೆರೆದು ಬೇರೆ ಹೆಸರು ಅಚ್ಚೊತ್ತಿದ ಚಿಪ್‌ಗಳು ಅವು. ಆಮೇಲೆ ಅಧಿಕೃತ ವಿತರಕರಿಂದಲೇ ಹೊಸದು ತರಿಸಿಕೊಂಡೆ.

ಹಳೆಯ ಚಿಪ್ ತೆಗೆಯುವಾಗ ಅದನ್ನು ಉಳಿಸುವ ಆಸೆ ಬಿಡಬೇಕು. ಉಳಿಯಬೇಕಾದದ್ದು ಬೋರ್ಡ್. ಬೆಸೆದ ಚಿಪ್ ಆದರೆ 28 ಕಾಲುಗಳನ್ನೂ ಕಟ್ ಮಾಡಿ, ಒಂದೊಂದೇ ಕಾಲನ್ನು ಬಿಸಿ ಮಾಡಿ ಚಿಮಟದಲ್ಲಿ ಎತ್ತಬೇಕು. ಎಳೆದಾಡಿದರೆ ತೂತಿನ ಒಳಗಿನ ತಾಮ್ರದ ಕೊಳವೆಯೇ ಕಿತ್ತು ಬರುತ್ತದೆ. ಆ ಜಾಗಕ್ಕೆ ದುಂಡು ತೂತಿನ ಒಳ್ಳೆಯ ಸಾಕೆಟ್ ಕೂರಿಸಿದೆ. ನನ್ನ ಪುಟ್ಟ ಬೋರ್ಡಿಗೆ ಸಾಮಾನ್ಯ ಚೌಕ ಪಿನ್ ಹಾಕಲಿಲ್ಲ. 0.64 ಮಿಲಿಮೀಟರ್‌ನ ಆ ಪಿನ್ ಸಾಕೆಟ್ಟಿನ ಬಾಯಿ ಅಗಲ ಮಾಡಿಬಿಡುತ್ತದೆ. ತೆಳು ದುಂಡು ಪಿನ್ ಹಾಕಿದರೆ ಮೆತ್ತಗೆ ಕೂರುತ್ತದೆ.

ಬೇರೆ ಬೋರ್ಡುಗಳಿಗೂ ದಾರಿ ಇದೇ, ಅಳತೆ ಬೇರೆ. ವಿಲಿಯಮ್ಸ್‌ನ ಇದಕ್ಕಿಂತ ಹಿಂದಿನ ಸಿಸ್ಟಮ್ 11ರಲ್ಲಿ 24 ಕಾಲಿನ, 2 ಕಿಲೋಬೈಟ್‌ನ 6116 ಇದೆ. ಎಫ್‌ರಾಮ್‌ನ ಮೇಲಿನ ಎರಡು ವಿಳಾಸ ಕಾಲುಗಳನ್ನು ನೆಲಕ್ಕೆ ಕಟ್ಟಿದರೆ ಆಯಿತು. 1970ರ ದಶಕದ ಕೊನೆಯ ಬ್ಯಾಲಿ ಬೋರ್ಡುಗಳಲ್ಲಿ 5101 ಎಂಬ 22 ಕಾಲಿನ ಚಿಪ್. ಅದರಲ್ಲಿ ಬರೀ 256 ಜಾಗ, ಒಂದೊಂದರಲ್ಲಿ 4 ಬಿಟ್. ಬರೆಯುವ ಕಾಲುಗಳೇ ಬೇರೆ, ಓದುವ ಕಾಲುಗಳೇ ಬೇರೆ. ಹಾಗಾಗಿ ನಡುವೆ ಬಫರ್ ಚಿಪ್ ಬೇಕು. ಆ ಬೋರ್ಡುಗಳಲ್ಲಿ ಬ್ಯಾಟರಿಯನ್ನು ಬೋರ್ಡಿಗೇ ಬೆಸೆದಿರುತ್ತಾರೆ. ನಿಕಲ್ ಕ್ಯಾಡ್ಮಿಯಂ ಜಾತಿಯದ್ದು, ಒಳಗೆ ಅದೇ ಪೊಟ್ಯಾಸಿಯಂ ಹೈಡ್ರಾಕ್ಸೈಡ್. ನಿಮ್ಮ ಹತ್ತಿರ ಅಂಥದ್ದು ಇದ್ದರೆ ಹೊಸ ಮೆಮೊರಿ ಯೋಚನೆ ಆಮೇಲೆ ಮಾಡಿ, ಆ ಬ್ಯಾಟರಿಯನ್ನು ಇವತ್ತೇ ಕಟ್ ಮಾಡಿ ತೆಗೆಯಿರಿ.

ಎಲ್ಲ ಕೂರಿಸಿ ಮೊದಲ ಸಲ ಆನ್ ಮಾಡಿದಾಗ ಮಷೀನ್ ಕಾರ್ಖಾನೆಯ ಸೆಟ್ಟಿಂಗ್ ಹಾಕಿಕೊಂಡೆ ಅಂತ ತೋರಿಸಿತು. ಅದು ಸರಿಯೇ, ಹೊಸ ಚಿಪ್‌ನಲ್ಲಿ ಅದಕ್ಕೆ ಗುರುತಿನದು ಏನೂ ಇರಲಿಲ್ಲ. ಆಟಕ್ಕೆ ಎಷ್ಟು ಗುಂಡು ಅನ್ನುವ ಸೆಟ್ಟಿಂಗ್ ಬದಲಿಸಿದೆವು. ಗೆಳೆಯರ ಮಗಳು ಒಂದು ಆಟ ಆಡಿ ಹೆಸರಿನ ಮೂರು ಅಕ್ಷರ ಹಾಕಿದಳು. ಆಫ್ ಮಾಡಿ ಊಟಕ್ಕೆ ಹೋದೆವು. ಬಂದು ಆನ್ ಮಾಡಿದಾಗ ಅಕ್ಷರಗಳು ಹಾಗೇ ಇದ್ದವು. ಆಮೇಲೆ ಆಟದ ನಡುವೆಯೇ, ಗುಂಡು ಓಡುತ್ತಿರುವಾಗ, ಬೇಕೆಂದೇ ಇಪ್ಪತ್ತು ಸಲ ಮೇನ್ ಸ್ವಿಚ್ ಆಫ್ ಮಾಡಿ ನೋಡಿದೆ. ಒಂದು ಅಕ್ಷರವೂ ಅಲುಗಲಿಲ್ಲ.

ಒಂದನ್ನು ಕಳೆದುಕೊಂಡೆವು, ಅದನ್ನೂ ಹೇಳಬೇಕು. ಈ ಬೋರ್ಡಿನಲ್ಲಿ ದಿನ, ಗಂಟೆ ತೋರಿಸುವ ಗಡಿಯಾರ ಓಡುತ್ತಿದ್ದದ್ದೂ ಅದೇ ಸೆಲ್‌ಗಳಿಂದ. ಎಫ್‌ರಾಮ್ ನೆನಪಿಡುತ್ತದೆ, ಆದರೆ ಗಡಿಯಾರ ಓಡಲು ಕರೆಂಟ್ ಬೇಕೇ ಬೇಕು. ಆಫ್ ಮಾಡಿದರೆ ಸಮಯ ನಿಲ್ಲುತ್ತದೆ. ಗೆಳೆಯರು ಗೋಡೆಯ ಮೇಲೆ ಗಡಿಯಾರ ಇದೆ, ಬೋರ್ಡ್ ಉಳಿದರೆ ಸಾಕು ಅಂದರು.

ಸೆಲ್ ತೊಟ್ಟಿಲನ್ನು ಕಿತ್ತು ತೆಗೆದೆ. ಖಾಲಿ ಇದ್ದರೆ ಮುಂದೆ ಯಾವತ್ತೋ ತೆರೆದವರು ಒಳ್ಳೆಯ ಮನಸ್ಸಿನಿಂದಲೇ ಮೂರು ಸೆಲ್ ಹಾಕಿಬಿಡುತ್ತಾರೆ. ಆ ಜಾಗದಲ್ಲಿ ಒಂದು ಬಿಳಿ ಚೀಟಿ ಅಂಟಿಸಿ, ಅಳಿಸದ ಪೆನ್ನಿನಲ್ಲಿ ತಾರೀಕು ಹಾಕಿ ಬರೆದೆ: "ಇಲ್ಲಿ ಸೆಲ್ ಬೇಡ. ಮೆಮೊರಿ ಬದಲಾಗಿದೆ."